ಹೂವಿನ ತೂಕ ಬಿಟ್ಟ ಲೆಕ್ಕ

ಖಡಕಿ, ಪುಣೆ
೧೪ ಜೂನ್ ೨೦೨೪

ಅಪ್ಪಾ,

ಪತ್ರದ ಮೊದಲಿಗೆ ತೀರ್ಥರೂಪ, ಸಾಷ್ಟಾಂಗ ನಮಸ್ಕಾರ ಎಂದೆಲ್ಲ ಬರೆಯಬೇಕೆಂದು ನೀನೇ ಕಲಿಸಿದ್ದೆ. ಇವತ್ತು ಬರೆಯುವುದಿಲ್ಲ. ನಿನ್ನ ಮೇಲೆ ನನಗೆ ವಿಪರೀತ ಸಿಟ್ಟಿದೆ, ಸಿಟ್ಟಿಗಿಂತ ಹೆಚ್ಚು ಹೆದರಿಕೆಯಿದೆ. ಜೈಲಿಗೆ ಬರುವ ಪತ್ರಗಳನ್ನೆಲ್ಲ ಒಡೆದು ಓದುತ್ತಾರಂತೆ. ಮರಾಠಿಯಲ್ಲಿ ಬರೆದರೆ ಎಲ್ಲರೂ ಓದುತ್ತಾರೆ. ಕನ್ನಡದಲ್ಲಿ ಬರೆದರೆ ನನ್ನ ಒತ್ತಕ್ಷರಗಳನ್ನು ನೀನೊಬ್ಬನೇ ಬಿಡಿಸಿ ಓದಬಲ್ಲೆ.

ನಾನು ಇನ್ನು ಭೇಟಿಗೆ ಬರುವುದಿಲ್ಲ. ಹೋದ ವಾರ ಅವ್ವನ ಜೊತೆ ಬಂದಾಗ ಗಾಜಿನ ಆಚೆ ಕೂತವನು ನೀನೇ ಎಂದು ನನಗೆ ಮೊದಲು ಗೊತ್ತಾಗಲೇ ಇಲ್ಲ. ಮೀಸೆ ಇರಲಿಲ್ಲ, ಕನ್ನಡಕಕ್ಕೆ ದಾರ ಕಟ್ಟಿತ್ತು. ನೀನು ಫೋನನ್ನು ಕಿವಿಗಿಟ್ಟುಕೊಂಡು, ನಾನು ಶಾಲೆಯಿಂದ ಬಂದಾಗ ನಗುತ್ತಿದ್ದ ಹಾಗೇ ನಕ್ಕೆ. ಅವ್ವ ಏಳುವ ಮೊದಲೇ ನಾನು ಹೊರಗೆ ಬಂದು ರಿಕ್ಷಾದಲ್ಲಿ ಕೂತೆ. ಇನ್ನೊಮ್ಮೆ ಅದನ್ನು ನೋಡುವ ಶಕ್ತಿ ನನಗಿಲ್ಲ.

ವರದಾ ಅಕ್ಕನ ಮದುವೆಯ ದಿನದ್ದು ನನಗೆ ಇನ್ನೂ ನಿಜವೆನಿಸುವುದಿಲ್ಲ. ಪರೀಕ್ಷೆ ಮುಗಿಸಿ ಕಾತ್ರಜದ ಮಂಗಲ ಕಾರ್ಯಾಲಯಕ್ಕೆ ಬರುವಷ್ಟರಲ್ಲಿ ಎಲ್ಲಾ ಆಗಿಹೋಗಿತ್ತು. ವೇದಿಕೆಯ ಮೇಲೆ ನೀನು ಅಲಂಕಾರಕ್ಕೆಂದು ತೂಗುಹಾಕಿದ್ದ ಸಾಗವಾನಿ ತೊಲೆಯ ಎಡಗಡೆಯ ಹಗ್ಗ ಹರಿದು, ತೊಲೆ ಆ ತುದಿಯಿಂದ ಕೆಳಗೆ ಬಂದಿತ್ತು. ವೇದಿಕೆ ಗುಡಿಸುತ್ತಿದ್ದ ಅನುಸೂಯಾ ಅದರ ಕೆಳಗೆ ಸಿಕ್ಕು ಅಲ್ಲಿಯೇ ಸತ್ತಿದ್ದಳು. ಪೊಲೀಸರು ಒಂದು ಮಾತೂ ಕೇಳುವ ಮೊದಲೇ ನೀನು, "ಹಗ್ಗ ಹಳೇದಿತ್ರಿ. ನನಗ ಗೊತ್ತಿತ್ತು," ಎಂದೆಯಂತೆ. ಆ "ಗೊತ್ತಿತ್ತು" ಒಂದು ಇರದಿದ್ದರೆ ಜಾಮೀನು ಎಂದೋ ಸಿಗುತ್ತಿತ್ತು ಎನ್ನುತ್ತಾರೆ ನಮ್ಮ ವಕೀಲೆ ನೀರಜಾ. ಗೊತ್ತಿದ್ದೂ ಕಟ್ಟಿದವನು ಎಂದು ಈಗ ದೊಡ್ಡ ಕಲಮು ಹಾಕಿದ್ದಾರೆ.

ನಿನಗೆ ನಿಜವಾಗಿಯೂ ಗೊತ್ತಿತ್ತೇ ಅಪ್ಪಾ? ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕ್ರೇನಿನ ಕೆಲಸ ಮಾಡಿದವನು ನೀನು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನೂ ಜಗ್ಗಿ ನೋಡದೆ ಬಿಡುತ್ತಿರಲಿಲ್ಲ. ಅಂಥವನು ಸ್ವಂತ ತಂಗಿಯ ಮಗಳ ಮದುವೆಗೆ ಕೊಳೆತ ಹಗ್ಗ ಕಟ್ಟಿದನೆಂದರೆ ನಾನು ಹೇಗೆ ನಂಬಲಿ?

ಕ್ಲಾಸಿನಲ್ಲಿ ಸಮತೋಲನದ ಅಧ್ಯಾಯ ಮತ್ತೆ ಬಂದಿದೆ. ಒಂದು ಸರಳನ್ನು ಎರಡು ಹಗ್ಗಗಳಿಂದ ತೂಗುಹಾಕಿದೆ, ಪ್ರತಿ ಹಗ್ಗದ ಎಳೆತವೆಷ್ಟು? ಸರ್ ಪ್ರಶ್ನೆ ಓದಿ ಮುಗಿಸುವ ಮೊದಲೇ ಇಡೀ ಕ್ಲಾಸು ನನ್ನ ಕಡೆ ತಿರುಗಿತು. ನಾನು ತಲೆ ತಗ್ಗಿಸಲಿಲ್ಲ. ಬೋರ್ಡಿಗೆ ಹೋಗಿ ಬಿಡಿಸಿ ಬಂದೆ.

ಹಗ್ಗ ಯಾಕೆ ಹರಿಯಿತು ಎಂದು ಬರೆ. ಬೇರೇನೂ ಬರೆಯಬೇಡ.

ನಿನ್ನ
ಕೇತಕಿ


ಜೈಲು, ಬರಾಕು ನಾಲ್ಕು
೨ ಜುಲೈ ೨೦೨೪

ಚಿರಂಜೀವಿ ಕೇತಕಿ,

ಆಶೀರ್ವಾದ ಬರೆಯದೆ ಬಿಡಲು ನನಗೆ ಬಾರದು, ಆದ್ದರಿಂದ ಆಶೀರ್ವಾದಗಳು.

ನಿನ್ನ ಒತ್ತಕ್ಷರ ಇಲ್ಲಿ ಯಾರಿಗೂ ಬಾರದು ಎಂದುಕೊಂಡೆಯಲ್ಲ, ಕೇಳು. ಸಂಕಪ್ಪ ಎಂಬ ಹವಾಲ್ದಾರ ಒಬ್ಬ ಇದ್ದಾನೆ, ಅಥಣಿ ಕಡೆಯವ. ಕನ್ನಡ ಪತ್ರಗಳೆಲ್ಲ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಅವನ ಕೈ ದಾಟಬೇಕು. ನಿನ್ನ ಪತ್ರ ತಂದುಕೊಟ್ಟು, "ಮಗಳು ಭಾಳ ಖಡಕ್ ಅದಾಳ್ರಿ, ಆದ್ರ ಅಕ್ಷರ ಕೋಳಿ ಕೆದರಿಧಂಗ ಅದಾವು," ಎಂದ. ನೀನು ಬರೆದದ್ದನ್ನೂ ನಾನು ಬರೆದದ್ದನ್ನೂ ಅವನು ಪೂರ್ತಿ ಓದುತ್ತಾನೆ. ಇದನ್ನು ನೀನು ಸದಾ ನೆನಪಿನಲ್ಲಿಡಬೇಕು.

ಹಗ್ಗ ಯಾಕೆ ಹರಿಯಿತು ಎಂದು ಕೇಳಿದ್ದೀಯ. ಹಳೆಯದಾಗಿತ್ತು, ಹರಿಯಿತು. ಅದರಲ್ಲಿ ಬಿಡಿಸುವಂಥದ್ದೇನೂ ಇಲ್ಲ.

ನನ್ನ ಮೀಸೆಯ ಚಿಂತೆ ಬಿಡು. ಇಲ್ಲಿನ ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ಧಾರವಾಡದ ನಮ್ಮ ಸೋದರತ್ತೆಯನ್ನು ಕಂಡಂತಾಗುತ್ತದೆ. ಆದರೆ ಕೇತಕಿ, ಭೇಟಿಗೆ ಬರುವುದಿಲ್ಲ ಎಂದು ಹಠ ಹಿಡಿಯಬೇಡ. ಒಂದೇ ಒಂದು ಸಲ ಬಾ, ಅವ್ವನನ್ನು ಬಿಟ್ಟು ನಿನ್ನ ಅತ್ತೆಯ, ವರದಾಳ ತಾಯಿಯ ಜೊತೆ ಬಾ. ನಿನ್ನ ಹತ್ತಿರ ಎದುರಿಗೇ ಹೇಳುವ ಮಾತೊಂದಿದೆ. ಜೈಲಿನಿಂದ ಮಾಡುವ ಫೋನಿಗೆ ಅವ್ವನ ನಂಬರೊಂದನ್ನೇ ಬರೆಸಿದ್ದೇವೆ. ನಾನು ಫೋನು ಮಾಡಿದಾಗಲೆಲ್ಲ ಅವಳು ಪಕ್ಕದಲ್ಲೇ ಇರುತ್ತಾಳೆ.

ಅವ್ವ ವಾರ ವಾರವೂ ಬರುತ್ತಾಳೆ. ಗಾಜಿನ ಈಚೆ ನಾನು, ಆಚೆ ಅವಳು. ಫೋನು ಎತ್ತಿಕೊಳ್ಳುವುದಿಲ್ಲ. ಹೊತ್ತು ಮುಗಿದ ಮೇಲೆ ಎದ್ದು ಹೋಗುತ್ತಾಳೆ. ಅವಳ ಮೇಲೆ ಸಿಟ್ಟಾಗಬೇಡ.

ನಿನ್ನ
ಅಪ್ಪ


ಖಡಕಿ
೨೦ ಜುಲೈ ೨೦೨೪

ಕೇತಕಿಯ ಅಪ್ಪನವರಿಗೆ,

ಗಾಜಿನ ಎದುರು ಕೂತು ನಿಮ್ಮ ಜೊತೆ ಮಾತಾಡಲು ನನಗೆ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಉತ್ತರ ಬರೆಯುವ ತೊಂದರೆ ತಗೋಬೇಡಿ.

ನಿನ್ನೆ ಮತ್ತೆ ಕಾತ್ರಜಕ್ಕೆ ಹೋಗಿದ್ದೆ, ಅನುಸೂಯಾಳ ಮನೆಗೆ. ಮನೆ ಎಂದರೆ ಕಟ್ಟುತ್ತಿರುವ ಬಿಲ್ಡಿಂಗಿನ ಹಿಂದಿನ ತಗಡಿನ ಶೆಡ್ಡು. ಅವಳ ಗಂಡ ಅವ್ವಣ್ಣ ಗೋಡೆಗೆ ನೀರು ಹೊಡೆಯುತ್ತಿದ್ದ. ಮಕ್ಕಳಿಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಸಣ್ಣದು ನನ್ನ ಸೆರಗು ಹಿಡಿದುಕೊಂಡು ಬಿಡಲಿಲ್ಲ. ಅವ್ವಣ್ಣ ಒಂದು ದಿನವೂ ನನ್ನನ್ನು ಬಯ್ದಿಲ್ಲ. "ನೀವೇನ್ ಮಾಡೀರಿ ಬಾಯಾರ, ನಿಮ್ಮದೇನ್ ತಪ್ಪೈತಿ," ಎನ್ನುತ್ತಾನೆ. ಅವನು ಬಯ್ದಿದ್ದರೆ ಒಳ್ಳೆಯದಿತ್ತು.

ಹೌದು, ನನ್ನ ತಪ್ಪೇನು? ತಪ್ಪು ನಿಮ್ಮದು. ಹಗ್ಗ ಹಳೆಯದೆಂದು ಗೊತ್ತಿದ್ದು ಕಟ್ಟಿದಿರಿ. ನಾಲ್ಕು ಮಂದಿ ಮಾಡುವ ಕೆಲಸವನ್ನು ಒಬ್ಬನೇ ಮಾಡಿ, ಸೋದರಮಾವ ನಾನೇ ಎಲ್ಲಾ ಕಟ್ಟಿದೆ ಎಂದು ಮೆರೆಯಬೇಕಿತ್ತು ನಿಮಗೆ. ನಾನು ಆ ವೇದಿಕೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಅನುಸೂಯಾಳ ಕೈಯಲ್ಲಿ ಕಸಬರಿಗೆ ಇತ್ತು. ನನ್ನ ಕಡೆ ನೋಡಿ ಏನೋ ಹೇಳುತ್ತಿದ್ದಳು. ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅಷ್ಟರೊಳಗೆ ಆಯಿತು.

ನಿಮ್ಮನ್ನು ಹ್ಯಾಗೆ ಕ್ಷಮಿಸಬೇಕು ಎಂದು ನನಗೆ ತಿಳಿಯುತ್ತಿಲ್ಲ. ಹಾಗಂತ ವಾರಕ್ಕೊಮ್ಮೆ ಬರುವುದನ್ನು ಬಿಡುವುದಿಲ್ಲ. ಸ್ವೆಟರ್ ಕಳಿಸಿದ್ದೇನೆ, ಮಳೆಗೆ ಎದೆ ಹಿಡಿಯುತ್ತದೆ ನಿಮಗೆ.

ಶಾಮಲಾ


ಖಡಕಿ
೧೧ ಆಗಸ್ಟ್ ೨೦೨೪

ಅಪ್ಪಾ,

ಇವತ್ತು ಸುದ್ದಿ ಇದೆ. ಸಂಕಪ್ಪನವರೇ, ನೀವೂ ಕೂತು ಓದಿ.

ಹಗ್ಗದ ತಪಾಸಣೆಯ ವರದಿ ಬಂತು. ಹಗ್ಗ ಕೊಳೆತಿರಲಿಲ್ಲ! ಹರಿದ ಹಗ್ಗದ ಉಳಿದ ತುಂಡನ್ನು ಯಂತ್ರಕ್ಕೆ ಕಟ್ಟಿ ಜಗ್ಗಿದರೆ ಇನ್ನೂರ ಇಪ್ಪತ್ತು ಕಿಲೋ ತನಕ ತಡೆಯಿತಂತೆ. ತೊಲೆಯ ತೂಕ ನೂರ ಎಂಬತ್ತು. ಎರಡು ತುದಿಗೆ ಎರಡು ಹಗ್ಗ, ಒಂದೊಂದರ ಪಾಲಿಗೆ ತೊಂಬತ್ತು. ತೊಂಬತ್ತು ಕಿಲೋಕ್ಕೆ ಅದು ಹರಿಯಲು ಸಾಧ್ಯವೇ ಇಲ್ಲ. ಅಂದರೆ ನೀನು ಪೊಲೀಸರಿಗೆ ಸುಳ್ಳು ಹೇಳಿದ್ದೀಯ. ಬಚಾವಾಗಲು ಸುಳ್ಳು ಹೇಳುವವರನ್ನು ನೋಡಿದ್ದೇನೆ, ಸಿಕ್ಕಿಹಾಕಿಕೊಳ್ಳಲು ಸುಳ್ಳು ಹೇಳಿದವನನ್ನು ಈಗಲೇ ನೋಡಿದ್ದು. ನೀರಜಾ ಅವರೂ ವರದಿಯನ್ನು ಎರಡೆರಡು ಸಲ ಓದಿದರು.

ಉಳಿದ ಭಾರ ಎಲ್ಲಿಂದ ಬಂತು? ನೀರಜಾ ಅವರ ಮೇಜಿನ ಮೇಲೆ ಪೊಲೀಸರು ತೆಗೆದ ಫೋಟೋ ಇತ್ತು. ಅದನ್ನು ನೋಡಲು ಇಷ್ಟು ದಿನ ನನಗೆ ಧೈರ್ಯವಿರಲಿಲ್ಲ, ಆವತ್ತು ನೋಡಿದೆ. ಚೆಂಡುಹೂವಿನ ಮಾಲೆಗಳೆಲ್ಲ ತೊಲೆಯ ಎಡ ತುದಿಯಲ್ಲೇ ರಾಶಿಯಾಗಿದ್ದವು. ಬಲಗಡೆ ತೊಲೆ ಬೋಳು ಬೋಳು. ಪೊಲೀಸರು, ವಕೀಲರು, ನಾನು, ಇಷ್ಟು ಜನ ಇಷ್ಟು ತಿಂಗಳು ಈ ತೊಲೆಯ ಬಗ್ಗೆ ಮಾತಾಡಿದ್ದೇವೆ. ಹೂವಿನ ತೂಕ ಹಿಡಿಯಬೇಕೆಂದು ಒಬ್ಬರಿಗೂ ಹೊಳೆದಿಲ್ಲ. ಹೂವು ಹಗುರ ಎಂದು ನಾವೆಲ್ಲ ಹುಟ್ಟಿನಿಂದ ಅಂದುಕೊಂಡೇ ಬಂದವರು.

ಮಂಡಈ ಮಾರ್ಕೆಟ್ಟಿನ ಹತ್ತಿರ ಹೂವಿನ ಅಂಗಡಿಗೆ ಹೋಗಿ ಕಿಶೋರ ಕಾಕಾನನ್ನು ಹಿಡಿದೆ, ಮದುವೆಗೆ ಹೂವು ಹಾಕಿದವನು ಅವನೇ ತಾನೆ. "ನೂರು ಕಿಲೋ ತಂದಿದ್ದೆ ನೋಡವಾ. ಬಿಸಿಲು ಭಾಳ ಇತ್ತು, ಬಾಡಬಾರದು ಅಂತ ನೀರಿನ ಡ್ರಮ್ಮಿನಾಗ ಅದ್ದಿ ಇಟ್ಟಿದ್ದೆ. ನೆನೆದ ಮ್ಯಾಲೆ ನೂರ ಅರವತ್ತಕ್ಕೇನ್ ಮೋಸ ಇಲ್ಲ," ಎಂದ. ಒಂದೇ ಕಡೆ ಯಾಕೆ ಹಾಕಿದಿ ಎಂದೆ. ಮಾಲೆ ಪೋಣಿಸುತ್ತಿದ್ದ ಕೈ ನಿಂತಿತು. "ಅದನ್ನ ನಿಮ್ಮವ್ವನ್ನ ಕೇಳವಾ," ಎಂದು ಗಿರಾಕಿಯ ಕಡೆ ತಿರುಗಿಬಿಟ್ಟ. ಹೇಗಿದೆ ನೋಡು ಜಾಣತನ! ತಾನು ಮಾಡಿದ್ದಕ್ಕೆ ಅವ್ವನನ್ನು ಕೇಳಬೇಕಂತೆ. ಅವ್ವನಿಗೆ ನಾನು ಏನೂ ಹೇಳಿಲ್ಲ. ಈಗಲೇ ಆಸೆ ಹುಟ್ಟಿಸಿ, ಕಡೆಗೆ ಏನೂ ಆಗದಿದ್ದರೆ ಅವಳು ತಡೆದುಕೊಳ್ಳಲಾರಳು.

ಆದರೆ ಕ್ಲಾಸಿನ ಅಭ್ಯಾಸ ಎಂದು ಹೇಳಿ ಅವಳಿಂದಲೇ ಒಂದು ಪ್ರಯೋಗ ಮಾಡಿಸಿದೆ. ಲಟ್ಟಣಿಗೆಯ ಎರಡು ತುದಿಗೆ ದಾರ ಕಟ್ಟಿ, ಒಂದೊಂದು ದಾರ ಒಂದೊಂದು ಕೈಯಲ್ಲಿ ಹಿಡಿಸಿದೆ. ನಡುವೆ ಕೊಬ್ಬರಿ ಎಣ್ಣೆಯ ಡಬ್ಬಿ ತೂಗುಹಾಕಿ, ಮೆಲ್ಲಗೆ ಎಡಕ್ಕೆ ಸರಿಸಿದೆ. "ಈ ಕೈಗೆ ಭಾಳ ಭಾರಾತಲ್ಲ," ಎಂದಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕಿದ್ದು ಆವಾಗಲೇ. ಲಟ್ಟಣಿಗೆ ಕೊಡು, ಚಪಾತಿ ಲಟ್ಟಿಸಬೇಕು ಎಂದು ಕಸಿದುಕೊಂಡು ಹೋದಳು.

ಈಗ ನಿನಗೆ ಲೆಕ್ಕ. ತೊಲೆಯ ಉದ್ದ ಆರು ಮೀಟರು, ತೂಕ ನೂರ ಎಂಬತ್ತು ಕಿಲೋ, ಎರಡು ತುದಿಗೆ ಹಗ್ಗ. ಹೂವು ನೂರ ಅರವತ್ತು ಕಿಲೋ, ಫೋಟೋದ ಪ್ರಕಾರ ಅದರ ಭಾರ ಎಡ ತುದಿಯಿಂದ ಮುಕ್ಕಾಲು ಮೀಟರಿನಲ್ಲಿ. ಎಡ ಹಗ್ಗದ ಎಳೆತ ಎಷ್ಟು? ನನ್ನ ಉತ್ತರ ನನ್ನ ಹತ್ತಿರ ಇದೆ. ನಿನ್ನದು ಬಂದ ಮೇಲೆ ಎರಡನ್ನೂ ಹೊಂದಿಸಿ ನೀರಜಾ ಅವರಿಗೆ ಕೊಡುತ್ತೇನೆ. ನೀನು ಹೊರಗೆ ಬರುತ್ತೀಯ ಅಪ್ಪಾ!

ಕೇತಕಿ


ಬರಾಕು ನಾಲ್ಕು
೨೯ ಆಗಸ್ಟ್ ೨೦೨೪

ಚಿರಂಜೀವಿ ಕೇತಕಿಗೆ ಆಶೀರ್ವಾದಗಳು.

ನಿನ್ನ ಲೆಕ್ಕ ನೋಡಿದೆ. ಇಷ್ಟು ಉದ್ದ ಬೇಕಿರಲಿಲ್ಲ. ತೊಲೆ ಮತ್ತು ಹೂವು, ಎರಡರ ತೂಕ ಕೂಡಿಸು, ಮುನ್ನೂರ ನಲವತ್ತು ಆಯಿತು. ಹಗ್ಗ ಎರಡು, ಆದ್ದರಿಂದ ಎರಡರಿಂದ ಭಾಗಿಸು. ಒಂದೊಂದಕ್ಕೆ ನೂರ ಎಪ್ಪತ್ತು. ಹೂವು ಎಡಕ್ಕಿದ್ದರೇನು, ಬಲಕ್ಕಿದ್ದರೇನು, ತೂಗುಹಾಕಿದ ವಸ್ತುವಿನ ಭಾರವನ್ನು ಎರಡೂ ಹಗ್ಗಗಳು ಸಮಸಮವಾಗಿ ಹೊರುತ್ತವೆ. ಹಗ್ಗ ಇನ್ನೂರ ಇಪ್ಪತ್ತು ತಡೆಯುವಂಥದ್ದಾದರೆ ಹೂವಿನಿಂದ ಅದು ಹರಿದಿರಲಾರದು. ವರದಿಯಲ್ಲೇ ಏನೋ ತಪ್ಪಾಗಿದೆ. ಹಗ್ಗ ಹಳೆಯದೇ ಇತ್ತು.

ಕಿಶೋರ ಒಳ್ಳೆಯ ಮನುಷ್ಯ. ಅವನ ಅಂಗಡಿಗೆ ಮತ್ತೆ ಹೋಗಬೇಡ. ಈ ಲೆಕ್ಕವನ್ನು ನೀರಜಾ ಅವರಿಗೆ ತೋರಿಸಿದರೆ ನಕ್ಕಾರು.

ಭೇಟಿಗೆ ಬಾ ಎಂದು ಎಷ್ಟು ಸಲ ಬರೆಯಲಿ? ಇನ್ನೊಮ್ಮೆ ಕೇಳುತ್ತಿದ್ದೇನೆ. ಬಾ ತಂಗಿ.

ಅಪ್ಪ


ಖಡಕಿ
೧೬ ಸೆಪ್ಟೆಂಬರ್ ೨೦೨೪

ಅಪ್ಪಾ,

ನಿನ್ನ ಪತ್ರ ಓದಿ ನಾನು ಗಾಬರಿಯಾದೆ. ಮೊದಲು ಸಂಕಪ್ಪನವರು ಬರೆದಿರಬೇಕು ಎಂದುಕೊಂಡೆ. ಅಕ್ಷರ ನಿನ್ನದೇ.

ಒಂಬತ್ತನೇ ತರಗತಿಯಲ್ಲಿ ನಾನು ಹೀಗೆಯೇ ಎರಡರಿಂದ ಭಾಗಿಸಿ ತಂದಾಗ ನೀನು ಊಟದ ತಟ್ಟೆಯನ್ನು ಅತ್ತ ಸರಿಸಿ, "ಇಬ್ಬರು ಸೇರಿ ಗ್ಯಾಸಿನ ಸಿಲಿಂಡರ್ ಎತ್ತುವಾಗ ಅದು ಯಾರ ಹತ್ತಿರ ಇರ್ತದೋ ಅವರ ಸೊಂಟನ ಮುರಿಯೂದು. ಭಾರಕ್ಕೂ ಒಂದು ಜಾಗಾ ಇರ್ತದ," ಎಂದಿದ್ದೆ. ಈಗ ನನಗೆ ಎಡಕ್ಕಿದ್ದರೇನು, ಬಲಕ್ಕಿದ್ದರೇನು ಎಂದು ಬರೆಯುತ್ತೀಯಾ? ಐದೇ ತಿಂಗಳು ಅಪ್ಪಾ. ಐದು ತಿಂಗಳಲ್ಲಿ ಮನುಷ್ಯನ ತಲೆ ಇಷ್ಟು ಹೋಗಿಬಿಡುತ್ತದೆಯೇ? ನಾನು ಸ್ನಾನದ ಮನೆಯ ನಲ್ಲಿ ಬಿಟ್ಟು, ಅವ್ವನಿಗೆ ಕೇಳದ ಹಾಗೆ ಅತ್ತೆ.

ಆಮೇಲೆ ಕಣ್ಣು ಒರೆಸಿಕೊಂಡು ನೀನು ಕಲಿಸಿದ ಹಾಗೆಯೇ ಬಿಡಿಸಿದೆ. ಬಲ ತುದಿಯಿಂದ ಅಳೆಯುತ್ತೇನೆ. ತೊಲೆಯ ಭಾರ ನಡುವೆ, ಮೂರು ಮೀಟರಿನಲ್ಲಿ: ನೂರ ಎಂಬತ್ತು ಗುಣಿಸು ಮೂರು, ಐನೂರ ನಲವತ್ತು. ಹೂವಿನ ಭಾರ ಐದೂಕಾಲು ಮೀಟರಿನಲ್ಲಿ: ನೂರ ಅರವತ್ತು ಗುಣಿಸು ಐದೂಕಾಲು, ಎಂಟುನೂರ ನಲವತ್ತು. ಎರಡೂ ಕೂಡಿ ಸಾವಿರದ ಮುನ್ನೂರ ಎಂಬತ್ತು. ಇದನ್ನು ಆರು ಮೀಟರಿನ ಆಚೆ ಇರುವ ಎಡ ಹಗ್ಗವೊಂದೇ ತಡೆದು ನಿಲ್ಲಿಸಬೇಕು. ಆರರಿಂದ ಭಾಗಿಸಿದರೆ ಇನ್ನೂರ ಮೂವತ್ತು. ಹಗ್ಗ ತಡೆಯುವುದು ಇನ್ನೂರ ಇಪ್ಪತ್ತು. ಅದಕ್ಕೇ ಹರಿಯಿತು.

ಹೂವನ್ನು ತೊಲೆಯ ತುಂಬ ಸಮವಾಗಿ ಹಾಕಿದ್ದರೆ ನೀನು ಹೇಳಿದ ನೂರ ಎಪ್ಪತ್ತೇ ಬರುತ್ತಿತ್ತು, ಅನುಸೂಯಾ ಬದುಕಿರುತ್ತಿದ್ದಳು. ಆ ಬೆಳಿಗ್ಗೆ ನೀನು ಅಲ್ಲಿ ಇರಲೇ ಇಲ್ಲ, ಧಾರವಾಡದ ಬಸ್ಸಿಗೆ ಬಂದವರನ್ನು ಕರೆತರಲು ಸ್ವಾರಗೇಟಕ್ಕೆ ಹೋಗಿದ್ದೆ. ನೀನು ಇಲ್ಲದಾಗ ಯಾರೋ ಹೂವು ಸರಿಸಿದ್ದಾರೆ. ಅದು ಕಿಶೋರ ಕಾಕಾನೇ. ಅವನು ಒಳ್ಳೆಯವನಾದರೆ ನೀನು ಕೆಟ್ಟವನೇ? ಅವನ ಬದಲಿಗೆ ನೀನು ಯಾಕೆ ಒಳಗೆ ಕೂತಿರಬೇಕು?

ನಾಳೆ ವಿಸರ್ಜನೆಯ ರಜೆ. ನಾಡಿದ್ದು ಈ ಹಾಳೆಯನ್ನು ನೀರಜಾ ಅವರ ಕೈಗೆ ಕೊಡುತ್ತೇನೆ. ನೀನು ಹೌದೆಂದರೂ ಸರಿ, ಬೇಡವೆಂದರೂ ಸರಿ.

ಕೇತಕಿ


ಬರಾಕು ನಾಲ್ಕು
೨೩ ಸೆಪ್ಟೆಂಬರ್ ೨೦೨೪

ಕೇತಕಿ,

ಆ ಹಾಳೆ ಕೊಡಬೇಡ. ಕೊಟ್ಟಿದ್ದರೆ ಹೋಗಿ ವಾಪಸ್ ಇಸಿದುಕೊಂಡು ಬಾ. ತಪ್ಪಾಗಿತ್ತು ಎಂದು ಹೇಳು.

ಯಾಕೆ ಎಂದು ಇಲ್ಲಿ ಬರೆಯಲು ಬರುವುದಿಲ್ಲ. ಯಾರು ಯಾರೋ ಓದುವ ಕಾಗದ ಇದು. ನನ್ನ ತಲೆ ಕೆಟ್ಟಿಲ್ಲ ತಂಗಿ, ಇಷ್ಟನ್ನು ಮಾತ್ರ ನಂಬು. ಬರುವ ಸೋಮವಾರ ಅತ್ತೆಯ ಜೊತೆ ಬಾ. ನನ್ನ ಮುಖ ನೋಡಬೇಡ, ನೆಲ ನೋಡುತ್ತ ಕೂತುಕೋ. ಫೋನು ಕಿವಿಗಿಟ್ಟುಕೊಂಡರೆ ಸಾಕು.

ಕಿಶೋರನ ಹತ್ತಿರ ಯಾರೂ ಹೋಗಬಾರದು. ಅವ್ವ ಮನೆಯಲ್ಲಿರುವಾಗ ಈ ಲೆಕ್ಕದ ಸುದ್ದಿಯನ್ನೇ ಎತ್ತಬೇಡ.

ಅಪ್ಪ


ಖಡಕಿ
೬ ಅಕ್ಟೋಬರ್ ೨೦೨೪

ಅಪ್ಪಾ,

ನಿನ್ನ ಪತ್ರ ಇವತ್ತು ಕೈಗೆ ಸಿಕ್ಕಿತು. ಸಂಕಪ್ಪನವರು ರಜೆಯ ಮೇಲೆ ಊರಿಗೆ ಹೋಗಿದ್ದರಂತೆ, ಕನ್ನಡ ಓದುವವರಿಲ್ಲ ಎಂದು ಅದು ಅಲ್ಲಿಯೇ ಬಿದ್ದಿತ್ತು. ಅಷ್ಟರಲ್ಲಿ ಎಲ್ಲಾ ಮುಗಿದಿದೆ.

ನೀರಜಾ ಅವರು ನನ್ನ ಲೆಕ್ಕ ನೋಡಿ ನಗಲಿಲ್ಲ. ಒಬ್ಬ ಇಂಜಿನಿಯರಿಗೆ ತೋರಿಸಿದರು, ಅವನೂ ಸರಿ ಎಂದ. ಮೊನ್ನೆ ಕಿಶೋರ ಕಾಕಾನನ್ನು ಕರೆದುಕೊಂಡೇ ನಮ್ಮ ಮನೆಗೆ ಬಂದರು. ನನಗೆ ಎಂಥ ಖುಷಿ ಎಂದರೆ, ಬಾಗಿಲು ತೆಗೆದವಳು ಅವನಿಗೆ ಕೂತ್ಕೋ ಎಂದೂ ಹೇಳಲಿಲ್ಲ. ಅವ್ವ ಒಳಗೆ ಚಹಾ ಮಾಡುತ್ತಿದ್ದಳು.

ನೀರಜಾ ಅವರು ಕೇಳಿದರು, "ಹೂವು ಒಂದ ಕಡೆ ಯಾಕ ಇತ್ತು ಕಿಶೋರ? ಖರೇ ಹೇಳ್ರಿ."

ಅವನು ನೆಲವನ್ನೇ ನೋಡುತ್ತ ಹೇಳಿದ, "ನಾ ರಾತ್ರಿ ಹಾಕಿದ್ದು ಪೂರಾ ತೊಲಿ ತುಂಬ್ರಿ, ಈಕಿ ಅಪ್ಪ ಏಕನಾಥ ಅಣ್ಣಾರು ಹೇಳಿಧಂಗ. ಮುಂಜಾನೆ ಶಾಮಲಾ ವೈನಿ ಬಂದ್ರು. ಸೋದರಮಾವನ ಮನಿ ಹೂವು ಹುಡುಗಿ ಕೂಡೂ ಕಡೆನ ಇರಬೇಕು, ಗಂಡಿನ ಕಡೆ ಹೋಗಬಾರದು, ನಮ್ಮ ಮನ್ಯಾಗ ಹಂಗ ರೂಢಿ ಅಂದ್ರು. ಎಲ್ಲಾ ಎಡಕ್ಕ ಸರಿಸಿದ್ನಿ. ಬಾಡ್ತಾವ, ಇನ್ನೊಂದೀಟು ನೀರು ಹೊಡಿ ಅಂದ್ರು. ಹೊಡದ್ನಿ."

ಅವ್ವ ಚಹಾದ ಟ್ರೇ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. "ಹೌದು, ನಾನ ಹೇಳಿದ್ದು," ಎಂದಳು. "ನಮ್ಮತ್ತಿಯಾರು ಹೇಳಿಕೊಟ್ಟ ಪದ್ಧತಿ. ಅದಕ್ಕೇನಾತು?"

ನೀರಜಾ ಅವರು ನನ್ನ ಹಾಳೆಯನ್ನು ಮಡಚಿ ಹಿಡಿದರು. ಅವ್ವ ನನ್ನ ಕಡೆ ತಿರುಗಿ ಮತ್ತೆ ಕೇಳಿದಳು, "ಅದಕ್ಕೇನಾತು ಕೇತಕಿ?"

ಅಪ್ಪಾ, ಆಗ ನನಗೆ ಎಲ್ಲಾ ಒಟ್ಟಿಗೆ ಗೊತ್ತಾಯಿತು. ನೀನು ಸ್ವಾರಗೇಟಿನಿಂದ ಬಂದು ಒಳಗೆ ಕಾಲಿಟ್ಟವನು ಎಡಗಡೆಯ ಆ ಹೂವಿನ ರಾಶಿಯನ್ನೂ ಮೆಟ್ಟಿಲ ಮೇಲೆ ನಿಂತ ಅವ್ವನನ್ನೂ ನೋಡಿದ್ದೀಯ. ಅಜ್ಜಿಯ ಪದ್ಧತಿ ನಿನಗೂ ಗೊತ್ತಿದ್ದದ್ದೇ, ನಿನ್ನ ತಲೆಯಲ್ಲಿ ಲೆಕ್ಕ ಅಲ್ಲಿಯೇ ಮುಗಿದಿದೆ. ಅದಕ್ಕೇ ಹಗ್ಗ ಹಳೆಯದು ಎಂದೆ. ಅದಕ್ಕೇ ನನಗೆ ತಪ್ಪು ಲೆಕ್ಕ ಬರೆದೆ. ಅದಕ್ಕೇ ಬಾ ಬಾ ಎಂದು ಕರೆದೆ, ನಾನು ಬರಲಿಲ್ಲ.

ನಾನು ಅವ್ವನಿಗೆ, "ಏನೂ ಆಗಿಲ್ಲ. ನನ್ನ ಲೆಕ್ಕ ತಪ್ಪಾಗಿತ್ತು," ಎಂದೆ. ನೀರಜಾ ಅವರ ಕೈಯಿಂದ ಹಾಳೆ ಕಸಿದು ಹರಿದುಹಾಕಿದೆ. ಅವರ ಹತ್ತಿರ ಜೆರಾಕ್ಸ್ ಇದೆಯಂತೆ.

ನಿನ್ನನ್ನು ಬಿಡಿಸಲು ಹೊರಟು ನಾನು ಅವ್ವನನ್ನು ಹಿಡಿದುಕೊಟ್ಟೆ. ಈಗ ನಾನೇನು ಮಾಡಲಿ ಹೇಳು.

ಕೇತಕಿ


ಖಡಕಿ
೯ ಅಕ್ಟೋಬರ್ ೨೦೨೪

ಇವರಿಗೆ,

ಮಗಳು ನನಗೆ ಏನೂ ಹೇಳುತ್ತಿಲ್ಲ. ಲೆಕ್ಕ ತಪ್ಪು, ಅಪ್ಪನೂ ತಪ್ಪು ಎಂದು ಬರೆದಿದ್ದಾನೆ ಎಂದು ನಿಮ್ಮ ಪತ್ರ ತೆಗೆದು ತೋರಿಸಿದಳು. ನಾನು ಗಣಿತ ಓದಿದವಳಲ್ಲ. ಆದರೆ ಹಡೆದ ಮಗಳು ನನ್ನ ಮುಖ ನೋಡದೆ ಊಟ ಮಾಡುತ್ತಿದ್ದಾಳೆ, ಅದು ಯಾಕೆಂದು ತಿಳಿಯಲು ಗಣಿತ ಬೇಕಾಗಿಲ್ಲ. ನೀರಜಾ ಅವರ ಆಫೀಸಿಗೆ ಹೋಗಿ ನನಗೆ ತಿಳಿಯುವ ಹಾಗೆ ಹೇಳಿರಿ ಎಂದೆ. ಅವರು ಹೇಳಿದರು.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತೆ. ಎಷ್ಟು ಬಸ್ಸು ಹೋದವೋ ಗೊತ್ತಿಲ್ಲ. ವಾರಕ್ಕೊಮ್ಮೆ ಬಂದು ನಿಮ್ಮ ಎದುರು ಕೂತು ಮಾತಾಡದೆ ಎದ್ದು ಹೋಗುತ್ತಿದ್ದೆನಲ್ಲ, ಅಷ್ಟೂ ಸಲ ನೀವು ಸುಮ್ಮನಿದ್ದಿರಿ. ಯಾಕೆ ಸುಮ್ಮನಿದ್ದಿರಿ? ನನ್ನನ್ನು ಉಳಿಸಿದೆ ಅಂದುಕೊಂಡಿರೇನು? ಆ ಮಕ್ಕಳಿಗೆ ರೊಟ್ಟಿ ಕೊಟ್ಟು ನಿಮ್ಮನ್ನು ಬಯ್ದು ಬರುತ್ತಿದ್ದೆ ನಾನು. ನನಗೆ ನಿಮ್ಮ ಮೇಲೆ ಈಗ ಬರುತ್ತಿರುವ ಸಿಟ್ಟು ಮೊದಲು ಬಂದಿರಲಿಲ್ಲ. ಅಳುವೂ ಬರುತ್ತಿದೆ.

ನಿನ್ನೆ ಕಾತ್ರಜಕ್ಕೆ ಹೋಗಿ ಅವ್ವಣ್ಣನಿಗೆ ಹೇಳಿದೆ. ನಾನೇ ಹೂವು ಒಂದು ಕಡೆ ಸರಿಸಲು ಹೇಳಿದ್ದು, ಆ ಭಾರಕ್ಕೆ ಹಗ್ಗ ಹರಿಯಿತು ಎಂದೆ. ಅವನು ನೀರಿನ ಪೈಪು ಹಿಡಿದುಕೊಂಡು ನಿಂತೇ ಇದ್ದ. "ಹೂವಿಲೇ?" ಎಂದ. ಮತ್ತೆ, "ಹೂವಿಲೇ ಸಾಯ್ತಾರೇನ್ರಿ ಬಾಯಾರ?" ಎಂದ. ನೀರು ಸುಮ್ಮನೆ ಅವನ ಕಾಲ ಮೇಲೆ ಹರಿಯುತ್ತಿತ್ತು. ಆಮೇಲೆ ಒಳಗೆ ಹೋಗಿ ನಾನು ಕೊಟ್ಟ ರೊಟ್ಟಿಯ ಡಬ್ಬಿಯನ್ನು ತಂದು ಮೆಟ್ಟಿಲ ಮೇಲೆ ಇಟ್ಟ. ತೆಗೆದುಕೊಂಡು ಬಂದೆ.

ನಾನು ಕೋರ್ಟಿನಲ್ಲಿ ಹೇಳುವವಳಿದ್ದೇನೆ. ಗೊತ್ತಿಲ್ಲದೆ ಆದದ್ದು, ನಿಮ್ಮ ಹಾಗೆ ಒಳಗೆ ಹಾಕಲಿಕ್ಕಿಲ್ಲ ಎನ್ನುತ್ತಾರೆ ನೀರಜಾ. ಹಾಕಿದರೂ ಹೇಳುತ್ತೇನೆ. ಆದರೆ ಕೇತಕಿ ಎದ್ದು ನಿಂತು ತನ್ನ ಲೆಕ್ಕವೇ ಸುಳ್ಳು ಎನ್ನುತ್ತಾಳಂತೆ. ನನ್ನ ಸಲುವಾಗಿ ಆ ಹುಡುಗಿ ತಾನು ಕಲಿತದ್ದನ್ನು ಸುಳ್ಳು ಎನ್ನುವುದು ನನಗೆ ಬೇಡ. ನನ್ನ ಮಾತು ಕೇಳುವುದಿಲ್ಲ ಅವಳು, ನಿಮ್ಮದನ್ನು ಕೇಳುತ್ತಾಳೆ. ನೀವೇ ಬರೆದು ತಿಳಿಸಬೇಕು.

ಬರುವ ವಾರ ಬಂದಾಗ ಫೋನು ಎತ್ತಿಕೊಳ್ಳುತ್ತೇನೆ.

ಶಾಮಲಾ


ಬರಾಕು ನಾಲ್ಕು
೨೧ ಅಕ್ಟೋಬರ್ ೨೦೨೪

ಚಿರಂಜೀವಿ ಕೇತಕಿ,

ನಿನ್ನ ಲೆಕ್ಕ ಸರಿ ಇದೆ. ಎಡ ಹಗ್ಗಕ್ಕೆ ಇನ್ನೂರ ಮೂವತ್ತು, ಬಲ ಹಗ್ಗಕ್ಕೆ ನೂರ ಹತ್ತು. ನಾನು ಬರೆದದ್ದು ತಪ್ಪು.

ಇದನ್ನು ಅವ್ವನಿಗೆ ಓದಿ ಹೇಳು. ಓದುವಾಗ ಅವಳ ಕೈ ಹಿಡಿದುಕೊಂಡಿರು.

ಅಪ್ಪ